ಗಾಜು, ಅರಗು, ಗಂಧಕ

ಹದಿನೆಂಟನೆಯ ಶತಮಾನದ ನಡುಗಾಲದಲ್ಲಿ ಯೂರೋಪಿಗೆ ವಿದ್ಯುತ್ತಿನ ಹುಚ್ಚು ಹಿಡಿದಿತ್ತು. ಗಾಜಿನ ಗೋಳವನ್ನು ಗರಗರನೆ ತಿರುಗಿಸಿ, ಒಣಗಿದ ಅಂಗೈಯನ್ನು ಅದಕ್ಕೊತ್ತಿ, ಸಿಡಿದ ಕಿಡಿಗೆ ಬೆರಗಾಗುವ ಆಟ ಅರಮನೆಗಳಲ್ಲಿಯೂ ನಡೆಯುತ್ತಿತ್ತು, ಸಂತೆಗಳಲ್ಲಿಯೂ ನಡೆಯುತ್ತಿತ್ತು. ಆದರೆ ಕಿಡಿ ಹುಟ್ಟಿದ ಗಳಿಗೆಯಲ್ಲೇ ಆರಿಹೋಗುತ್ತಿತ್ತು. ಅದನ್ನು ಹಿಡಿದಿಡುವ ಪಾತ್ರೆ ಯಾರಲ್ಲಿಯೂ ಇರಲಿಲ್ಲ. ವಿದ್ಯುತ್ತು ಒಂದು ಬಗೆಯ ದ್ರವವೆಂದು ಪಂಡಿತರು ನಂಬಿದ್ದ ಕಾಲವದು. ದ್ರವವೆಂದ ಮೇಲೆ ಸೀಸೆಯಲ್ಲಿ ತುಂಬಬಹುದಲ್ಲ ಎಂಬ ಯೋಚನೆ ಯಾರಿಗಾದರೂ ಬರಲೇಬೇಕಿತ್ತು. ಇಬ್ಬರಿಗೆ ಬಂತು.

ಪೊಮರೇನಿಯಾ ಸೀಮೆಯ ಕಾಮಿನ್ ಪಟ್ಟಣದಲ್ಲಿ ಇಗರ್ಜಿಯ ಅಧಿಕಾರಿಯಾಗಿದ್ದ ಎವಾಲ್ಡ್ ಗೆಯೋರ್ಗ್ ಫಾನ್ ಕ್ಲೈಸ್ಟ್ 1745ರ ಅಕ್ಟೋಬರಿನಲ್ಲಿ ಔಷಧದ ಸಣ್ಣ ಸೀಸೆಯೊಳಗೆ ಮೊಳೆಯೊಂದನ್ನು ಇಳಿಸಿ, ಯಂತ್ರದ ವಿದ್ಯುತ್ತನ್ನು ಅದಕ್ಕೆ ಹರಿಸಿ, ಮೊಳೆಯನ್ನು ಮುಟ್ಟಿ ತೋಳು ಹೆಗಲು ಅದುರುವಂಥ ಪೆಟ್ಟು ತಿಂದ. ಕೆಲವೇ ತಿಂಗಳಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ, ಪ್ರೊಫೆಸರ್ ಪೀಟರ್ ಫಾನ್ ಮುಶೆನ್‌ಬ್ರೂಕ್‌ನ ಪ್ರಯೋಗಶಾಲೆಯಲ್ಲಿ ಅದೇ ಪೆಟ್ಟು ಮರುಕಳಿಸಿತು. ಅಲ್ಲಿ ಅದನ್ನು ಮೊದಲು ಉಂಡವನು ಆಂಡ್ರಿಯಾಸ್ ಕುನೇಯಸ್ ಎಂಬ ವಕೀಲ, ಹವ್ಯಾಸಕ್ಕಾಗಿ ಅಲ್ಲಿಗೆ ಬಂದುಹೋಗುತ್ತಿದ್ದವನು. ವಿದ್ಯುತ್ತು ತುಂಬುವ ವಸ್ತುವನ್ನು ಗಾಜಿನದೋ ರಾಳದ್ದೋ ಪೀಠದ ಮೇಲಿಡಬೇಕು, ಕೈ ಸೋಕಬಾರದು ಎಂಬುದು ಅಂದಿನ ಶಾಸ್ತ್ರ. ಶಾಸ್ತ್ರ ಅರಿಯದ ವಕೀಲ ನೀರು ತುಂಬಿದ ಸೀಸೆಯನ್ನು ಅಂಗೈಯಲ್ಲೇ ಹಿಡಿದುಕೊಂಡ. ಒಳಗಿನ ನೀರು ಒಂದು ಫಲಕವಾಯಿತು, ಹೊರಗಿನ ಅಂಗೈ ಇನ್ನೊಂದು ಫಲಕವಾಯಿತು, ನಡುವೆ ಗಾಜು ನಿಂತಿತು. ಬಲ್ಲವರು ಮಾಡದ ತಪ್ಪನ್ನು ಅರಿಯದವನೊಬ್ಬ ಮಾಡಿದ್ದರಿಂದ ಲೈಡನ್ನಿಗೂ ವಿದ್ಯುತ್ತು ಹಿಡಿದಿಡುವ ಪಾತ್ರೆ, ಈಗಿನ ಮಾತಿನಲ್ಲಿ ಕೆಪಾಸಿಟರ್, ದೊರೆಯಿತು.

ಬಳಿಕ ಮುಶೆನ್‌ಬ್ರೂಕ್ ತಾನೂ ಆ ಪೆಟ್ಟನ್ನು ಉಂಡು, ಫ್ರಾನ್ಸ್ ರಾಜ್ಯವನ್ನೇ ಕೊಟ್ಟರೂ ಇನ್ನೊಮ್ಮೆ ಇದಕ್ಕೆ ಕೈಯೊಡ್ಡಲಾರೆನೆಂದು ಪ್ಯಾರಿಸಿನ ವಿದ್ವಾಂಸ ರೆಯೋಮುರ್‌ಗೆ ಪತ್ರ ಬರೆದ. ಪತ್ರ ಓದಿದ ಫ್ರೆಂಚರು ಹೆದರಿದರೆಂದು ತಿಳಿಯಬೇಡಿ. ಆಬೆ ನೋಲೆ ಎಂಬ ಪಾದ್ರಿ ಪಂಡಿತ 1746ರಲ್ಲಿ 180 ಮಂದಿ ಕಾವಲುಭಟರನ್ನು ಕೈಗೆ ಕೈ ಹಿಡಿಸಿ ನಿಲ್ಲಿಸಿ, ಹದಿನೈದನೆಯ ಲೂಯಿ ದೊರೆಯ ಕಣ್ಣೆದುರಿಗೆ ಸೀಸೆಯ ವಿದ್ಯುತ್ತನ್ನು ಅವರ ಮೈಯೊಳಗೆ ಹಾಯಿಸಿದ. ಅಷ್ಟೂ ಜನ ಒಂದೇ ಸಲಕ್ಕೆ ನೆಗೆದರು. ದೊರೆಗೆ ಸಂತೋಷವಾಯಿತು. ಭಟರ ಅಭಿಪ್ರಾಯವನ್ನು ಯಾರೂ ಬರೆದಿಟ್ಟಿಲ್ಲ. ‘ಲೈಡನ್ ಸೀಸೆ’ ಎಂಬ ಹೆಸರನ್ನು ನಿಲ್ಲಿಸಿದವನೂ ಈ ನೋಲೆಯೇ.

ಸೀಸೆಯ ಒಳಗೂ ಹೊರಗೂ ಲೋಹದ ತಗಡು ಹೊದಿಸುವ ಪದ್ಧತಿ ಬೇಗನೆ ಬಂತು. ನೀರೂ ಬೇಡವಾಯಿತು, ಅಂಗೈಯೂ ಬೇಡವಾಯಿತು. ಗಾಜು ಮಾತ್ರ ಉಳಿಯಿತು. ಆದರೂ ಗಾಜಿನ ಕಡೆಗೆ ತಿರುಗಿ ನೋಡಿದವರು ಕಡಿಮೆ. ವಿದ್ಯುತ್ತು ಲೋಹದಲ್ಲಿರುತ್ತದೆ, ಗಾಜು ಅದನ್ನು ಆಚೆ ಹೋಗದಂತೆ ತಡೆಯುವ ಬರಿಯ ಗೋಡೆ ಎಂದು ಎಲ್ಲರೂ ಬಗೆದಿದ್ದರು. ಕಣಜದಲ್ಲಿ ಎಷ್ಟು ಭತ್ತ ಹಿಡಿಯುತ್ತದೆ ಎಂಬುದು ಕಣಜದ ಗಾತ್ರಕ್ಕೆ ಸೇರಿದ ಮಾತು. ಗೋಡೆಯನ್ನು ಮಣ್ಣಿನಲ್ಲಿ ಕಟ್ಟಿದರೇನು, ಕಲ್ಲಿನಲ್ಲಿ ಕಟ್ಟಿದರೇನು? ಹೀಗೆಂದುಕೊಂಡೇ ಆ ಕಾಲದ ವಿದ್ಯುತ್ ಶಾಸ್ತ್ರ ಸುಮಾರು ತೊಂಬತ್ತು ವರ್ಷ ನಡೆಯಿತು. ಈ ತಪ್ಪು ತಿದ್ದಿದ ಬಗೆಯೇ ನಾನಿಲ್ಲಿ ಹೇಳಹೊರಟಿರುವ ಕಥೆ.

ಮೊದಲ ಅನುಮಾನ ಅಟ್ಲಾಂಟಿಕ್ ಸಾಗರದ ಆಚೆ, ಫಿಲಡೆಲ್ಫಿಯಾದಲ್ಲಿ ಮೊಳೆಯಿತು. ಬೆಂಜಮಿನ್ ಫ್ರಾಂಕ್ಲಿನ್ ತುಂಬಿದ ಸೀಸೆಯನ್ನು ಗಾಜಿನ ಮೇಲಿಟ್ಟು, ಒಳಗಿನ ತಂತಿಯನ್ನು ಮೆಲ್ಲಗೆ ಹೊರತೆಗೆದು, ನೀರನ್ನು ಬೇರೊಂದು ಸೀಸೆಗೆ ಸುರಿದ. ವಿದ್ಯುತ್ತು ನೀರಿನಲ್ಲಿದ್ದರೆ ಹೊಸ ಸೀಸೆ ಪೆಟ್ಟು ಕೊಡಬೇಕಿತ್ತು, ಕೊಡಲಿಲ್ಲ. ಆಗ ಚಹಾದ ಕೆಟಲಿನಿಂದ ಬೇರೆ ನೀರನ್ನು ಹಳೆಯ ಸೀಸೆಗೆ ಹೊಯ್ದು ಮುಟ್ಟಿದ. ಪೆಟ್ಟು ಬಿತ್ತು. ಹಾಗಾದರೆ ಶಕ್ತಿ ಇರುವುದು ಗಾಜಿನಲ್ಲೇ ಎಂದು ಅವನು ತೀರ್ಮಾನಿಸಿ 1749ರಲ್ಲಿ ಲಂಡನ್ನಿನ ಗೆಳೆಯನಿಗೆ ಬರೆದ. ತೀರ್ಮಾನ ಪೂರ್ತಿ ಸರಿಯಲ್ಲ: ಗಾಜಿನ ಮೈಮೇಲೆ ಕಾಣದಂತೆ ಕೂತ ತೇವ ಕೂಡ ವಿದ್ಯುತ್ತನ್ನು ಹಿಡಿದುಕೊಳ್ಳುತ್ತದೆಂದು ಬಹುಕಾಲದ ಮೇಲೆ ತಿಳಿಯಿತು. ಆದರೆ ಅವನು ನೋಡಿದ ದಿಕ್ಕು ಸರಿಯಿತ್ತು. ಆ ದಿಕ್ಕಿನಲ್ಲಿ ಅವನೂ ದೂರ ಹೋಗಲಿಲ್ಲ. 1750ರ ಕ್ರಿಸ್‌ಮಸ್ ಹೊತ್ತಿಗೆ ಎರಡು ದೊಡ್ಡ ಸೀಸೆಗಳಿಂದ ಟರ್ಕಿ ಕೋಳಿಯೊಂದನ್ನು ಕೊಲ್ಲಹೋಗಿ, ಪೆಟ್ಟನ್ನು ತಾನೇ ತಿಂದು ಎಚ್ಚರ ತಪ್ಪಿದ. ಕೋಳಿ ಬದುಕಿಕೊಂಡಿತು.

ಗಾಜಿನ ಗುಟ್ಟನ್ನು ಲೆಕ್ಕ ಹಿಡಿದು ಮೊದಲು ಅಳೆದವನು ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್. ದೊಡ್ಡ ಜಮೀನ್ದಾರಿ ಮನೆತನ, ಎಣಿಸಲಾರದ ಹಣ, ಮನುಷ್ಯರನ್ನು ಕಂಡರೆ ಮಾತ್ರ ಎದೆ ನಡುಕ. ಮನೆಯ ಹೆಣ್ಣಾಳುಗಳ ಮುಖ ನೋಡಲೂ ಅಂಜಿ, ಊಟಕ್ಕೇನು ಬೇಕೆಂದು ಚೀಟಿ ಬರೆದಿಡುತ್ತಿದ್ದನಂತೆ. ಲಂಡನ್ನಿನ ಗ್ರೇಟ್ ಮಾರ್ಲ್‌ಬರೋ ಬೀದಿಯಲ್ಲಿ ತಂದೆಯೊಡನೆ ವಾಸಿಸುತ್ತಿದ್ದ ಅವನು 1770ರ ದಶಕದ ಮೊದಲ ವರ್ಷಗಳಲ್ಲಿ, ತಗಡು ಹೊದಿಸಿದ ಗಾಜಿನ ಹಲಗೆಗಳು ಎಷ್ಟೆಷ್ಟು ವಿದ್ಯುತ್ತು ಹಿಡಿಯುತ್ತವೆಂದು ಒಂದೊಂದಾಗಿ ಅಳೆದ. ಅಳೆಯಲು ಮಾನವೇ ಇರಲಿಲ್ಲವಾಗಿ ತಾನೇ ಒಂದನ್ನು ಮಾಡಿಕೊಂಡ. 12.1 ಅಂಗುಲ ವ್ಯಾಸದ ಗೋಳವೊಂದನ್ನು ಇಟ್ಟುಕೊಂಡು, ಇಂಥ ಹಲಗೆ ಇಷ್ಟು ಅಂಗುಲದ ಗೋಳಕ್ಕೆ ಸಮ ಎಂದು ಬರೆದುಕೊಂಡ. ವಿದ್ಯುತ್ತನ್ನು ಬಟ್ಟೆಯಂತೆ ಅಂಗುಲದಲ್ಲಿ ಅಳೆದ ಮನುಷ್ಯ ಅವನು.

ಹಲಗೆಯ ಅಗಲ ಗೊತ್ತಿತ್ತು, ದಪ್ಪ ಗೊತ್ತಿತ್ತು. ಎಷ್ಟು ವಿದ್ಯುತ್ತು ಹಿಡಿಯಬೇಕೆಂದು ಗಣಿತ ಹೇಳುತ್ತಿತ್ತು. ಗಾಜು ಅದಕ್ಕಿಂತ ಸುಮಾರು ಎಂಟು ಪಟ್ಟು ಹೆಚ್ಚು ಹಿಡಿಯಿತು. ಅರಗನ್ನೂ ಜೇನುಮೇಣವನ್ನೂ ಇಟ್ಟು ನೋಡಿದಾಗ ಒಂದೊಂದಕ್ಕೆ ಒಂದೊಂದು ಲೆಕ್ಕ ಬಂತು. ಗೋಡೆ ಬರಿಯ ಗೋಡೆಯಲ್ಲ ಎಂಬ ಸತ್ಯ ಆ ಮನೆಯಲ್ಲಿ, ಆ ಮೇಜಿನ ಮೇಲೆ ಅಂಕಿಗಳಾಗಿ ಬಿದ್ದಿತ್ತು. ಕ್ಯಾವೆಂಡಿಶ್ ಆ ಹಾಳೆಗಳನ್ನು ಕಟ್ಟಿ ಎತ್ತಿಟ್ಟ. ಅಚ್ಚಿಗೆ ಕೊಡಲಿಲ್ಲ. 1810ರಲ್ಲಿ ಕಣ್ಣು ಮುಚ್ಚಿದ. ವಿದ್ಯೆಯನ್ನು ಹಂಚದೆ ಹೋದವನ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ, ಮುಚ್ಚಿಡುವುದೇಕೆ. ಅವನ ಮೌನದಿಂದ ಶಾಸ್ತ್ರ ಅರುವತ್ತು ವರ್ಷಕ್ಕೂ ಹೆಚ್ಚು ಹಿಂದೆ ಬಿತ್ತು.

ಇನ್ನು ಮೈಕೇಲ್ ಫ್ಯಾರಡೆಯ ಮಾತು. ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿದ್ಯಾವಂತನಾದವನು. 1813ರಲ್ಲಿ ಲಂಡನ್ನಿನ ಆಲ್ಬೆಮಾರ್ಲ್ ಬೀದಿಯ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಸಹಾಯಕನಾಗಿ ಸೇರಿ, ಅಲ್ಲೇ ಗುರುವಿನ ಪೀಠಕ್ಕೆ ಏರಿದ. ಗಣಿತ ಅವನಿಗೆ ಬರುತ್ತಿರಲಿಲ್ಲ. ಆ ಕಾಲದ ವಿದ್ಯುತ್ ಶಾಸ್ತ್ರವೋ ಗಣಿತಜ್ಞರ ಸ್ವತ್ತಾಗಿತ್ತು. ಒಂದು ವಿದ್ಯುದಂಶ ದೂರದ ಇನ್ನೊಂದನ್ನು ನೆಟ್ಟಗೆ, ನಡುವಿನ ಜಾಗದ ಹಂಗಿಲ್ಲದೆ ಎಳೆಯುತ್ತದೆ ಅಥವಾ ತಳ್ಳುತ್ತದೆ ಎಂದು ಫ್ರಾನ್ಸಿನ ಕುಲೊಂಬ್ ಮತ್ತು ಪ್ವಾಸೋನ್ ಕಟ್ಟಿದ ಸಿದ್ಧಾಂತ ಚೊಕ್ಕವಾಗಿ ನಿಂತಿತ್ತು. ನಡುವೆ ಏನೂ ಇಲ್ಲದೆ ದೂರದಿಂದ ಎಳೆಯುವುದೆಂದರೇನೆಂದು ಫ್ಯಾರಡೆಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯ ಅವನಿಗಿತ್ತು.

ಅವನು ಮಾಡಿಸಿದ ಉಪಕರಣವನ್ನು ಸ್ವಲ್ಪ ನಿಂತು ನೋಡಬೇಕು. ಹಿತ್ತಾಳೆಯ ಟೊಳ್ಳು ಗೋಳ, ಕರಂಡಕದಂತೆ ಎರಡು ಹೋಳಾಗಿ ಬಿಚ್ಚುವಂಥದ್ದು. ಅದರ ಒಳವ್ಯಾಸ 3.57 ಅಂಗುಲ. ಅದರ ನಟ್ಟನಡುವೆ ಅರಗಿನ ಕಂಬಕ್ಕೆ ತಗುಲಿಕೊಂಡು ತೂಗುವ 2.33 ಅಂಗುಲ ವ್ಯಾಸದ ಸಣ್ಣ ಗೋಳ. ಎರಡರ ನಡುವೆ ಸುತ್ತಲೂ 0.62 ಅಂಗುಲದ ಸಂದು. ಸಣ್ಣ ಗೋಳದಿಂದ ಕಂಬದೊಳಗೆ ಹಾದುಬಂದ ತಂತಿಯ ತುದಿಗೆ ಮೇಲೊಂದು ಗುಂಡಿ. ಕೆಳಗೆ ಗಾಳಿ ಎಳೆದು ಬೇರೆ ಅನಿಲ ತುಂಬಲು ತಿರುಪಿನ ನಲ್ಲಿ. ಇದು ಒಂದಲ್ಲ, ಒಂದೇ ಅಳತೆಯ ಎರಡು. ಅವಳಿ ಮಕ್ಕಳಂತೆ ಪಕ್ಕದಲ್ಲಿ ಪಕ್ಕ ನಿಂತ ಈ ಎರಡು ಪಾತ್ರೆಗಳ ನಡುವೆಯೇ ಅವನ ಪ್ರಯೋಗವೆಲ್ಲ ನಡೆಯಿತು.

ವಿಧಾನ ಸರಳ. ಒಂದಕ್ಕೆ ವಿದ್ಯುತ್ತು ತುಂಬಿ, ಅದರ ಬಲವನ್ನು ಕುಲೊಂಬನ ತಿರುಚುವ ತಕ್ಕಡಿಯಲ್ಲಿ ಅಳೆಯಬೇಕು. ಆಮೇಲೆ ಎರಡರ ಗುಂಡಿಗಳನ್ನೂ ಒಂದಕ್ಕೊಂದು ಮುಟ್ಟಿಸಬೇಕು. ಎರಡರಲ್ಲೂ ಗಾಳಿಯೇ ಇದ್ದಾಗ ಅಣ್ಣತಮ್ಮಂದಿರ ಪಾಲಿನಂತೆ ವಿದ್ಯುತ್ತು ಸರಿಸಮ ಹಂಚಿಹೋಯಿತು, ಬಲ ಅರ್ಧಕ್ಕೆ ಇಳಿಯಿತು. ಬಳಿಕ ಒಂದು ಪಾತ್ರೆಯ ಸಂದಿನ ಕೆಳಗಿನ ಅರ್ಧಕ್ಕೆ ಅರಗಿನಲ್ಲಿ ಎರಕ ಹೊಯ್ದ ಬಟ್ಟಲೊಂದನ್ನು ಕೂರಿಸಿದ. ಗಾಳಿಯ ಪಾತ್ರೆಗೆ ತುಂಬಿ, ಅರಗಿನ ಪಾತ್ರೆಗೆ ಮುಟ್ಟಿಸಿದ. ಈ ಸಲ ಬಲ ಅರ್ಧಕ್ಕಿಂತ ಕೆಳಗಿಳಿಯಿತು: ಅರಗಿನ ಪಾತ್ರೆ ತನ್ನ ಪಾಲಿಗಿಂತ ಹೆಚ್ಚು ನುಂಗಿತ್ತು. ತಿರುಗಿಸಿ ನೋಡಿದ, ಅರಗಿನ ಪಾತ್ರೆಗೆ ಮೊದಲು ತುಂಬಿ ಗಾಳಿಯದಕ್ಕೆ ಹಂಚಿದಾಗ ಬಲ ಅರ್ಧಕ್ಕಿಂತ ಮೇಲೇ ನಿಂತಿತು. ಎರಡು ದಾರಿಯಿಂದ ಹೋದರೂ ಒಂದೇ ಊರು. ಪಾತ್ರೆಯ ಅಳತೆ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ನಡುವೆ ಇದ್ದದ್ದು ಬದಲಾಗಿತ್ತು, ಅಷ್ಟೇ.

ಅರಗಿನ ಪಾತ್ರೆಗೆ ಗಾಳಿಯದರ ಒಂದೂವರೆ ಪಟ್ಟು ಹಿಡಿಯುವ ಶಕ್ತಿ ಎಂದು ಲೆಕ್ಕ ಬಂತು. ಅರ್ಧ ಸಂದು ಮಾತ್ರ ತುಂಬಿತ್ತಾದ್ದರಿಂದ ಅರಗಿನ ನಿಜವಾದ ಗುಣ ಸುಮಾರು 2 ಎಂದು ಫ್ಯಾರಡೆ ಎಣಿಸಿದ. ಫ್ಲಿಂಟ್ ಗಾಜಿಗೆ 1.76, ಗಂಧಕಕ್ಕೆ 2.24 ಬಂದವು; ಇವೂ ನಿಜಕ್ಕಿಂತ ಕಡಿಮೆಯೇ ಎಂದು ಅವನಿಗೆ ಗೊತ್ತಿತ್ತು. ಅನಿಲಗಳನ್ನು ಒಂದಾದ ಮೇಲೊಂದು ತುಂಬಿ ನೋಡಿದ. ಎಲ್ಲವೂ ಗಾಳಿಯಂತೆಯೇ ನಡೆದುಕೊಂಡವು. ವ್ಯತ್ಯಾಸ ಇತ್ತು, ಆದರೆ ಅದು ಸಾವಿರದಲ್ಲಿ ಒಂದರಷ್ಟು. ಅದನ್ನು ಹಿಡಿಯಲು 1870ರ ದಶಕದಲ್ಲಿ ಭೌತವಿಜ್ಞಾನಿ ಬೋಲ್ಟ್ಸ್‌ಮನ್ ಬರಬೇಕಾಯಿತು.

ಇಲ್ಲಿ ಅರಗಿನ ಬಗ್ಗೆ ಒಂದು ಮಾತು. ಅದು ನಮ್ಮ ಕಡೆಯ ಸರಕು. ವಾರಣಾವತದಲ್ಲಿ ಪಾಂಡವರನ್ನು ಸುಡಲು ಕಟ್ಟಿಸಿದ ಮನೆ ಅರಗಿನದು. ಚನ್ನಪಟ್ಟಣದ ಬೊಂಬೆ ತಿರುಗಣಿಯ ಮೇಲೆ ಸುತ್ತುವಾಗ ಅದಕ್ಕೆ ಬಣ್ಣ ಹೊಳಪು ಎರಡನ್ನೂ ಕೊಡುವುದು ಅರಗು. ಮುತ್ತುಗ ಮೊದಲಾದ ಮರಗಳ ಕೊಂಬೆಗೆ ಕಚ್ಚಿ ಕೂತ ಕೀಟ ಒಸರುವ ಈ ರಾಳ, ಕಂಪನಿ ಸರಕಾರದ ಕಾಲದಲ್ಲಿ ಕಲ್ಕತ್ತೆಯ ಹಡಗುಗಳೇರಿ ಲಂಡನ್ನಿಗೆ ಹೋಗುತ್ತಿತ್ತು. ಕುರ್ಚಿ ಮೇಜುಗಳಿಗೆ ಮೆರುಗು ಹಚ್ಚಲು ಕೊಂಡ ಅರಗು ಫ್ಯಾರಡೆಯ ಕೈಯಲ್ಲಿ ಪ್ರಕೃತಿಯ ಒಂದು ನಿಯಮವನ್ನು ತೋರಿಸುವ ಬಟ್ಟಲಾಯಿತು.

ನಡುವಿನ ವಸ್ತು ಏನು ಮಾಡುತ್ತದೆ? ವಿದ್ಯುತ್ತು ಅದರ ಮೂಲಕ ಹರಿಯುವುದಿಲ್ಲ. ಆದರೆ ಅದರ ಕಣಕಣವೂ ಎರಡು ಫಲಕಗಳ ಸೆಳೆತಕ್ಕೆ ಸಿಕ್ಕಿ ತುಸು ಎಳೆಯಲ್ಪಡುತ್ತದೆ. ಒಂದು ತುದಿ ಧನ, ಒಂದು ತುದಿ ಋಣ ಆಗುತ್ತದೆ. ಪಕ್ಕದ ಕಣ ಅದರ ಪಕ್ಕದ ಕಣವನ್ನು ಹಾಗೆಯೇ ತಿರುಗಿಸುತ್ತದೆ. ಸಾಲು ನಿಂತವರು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವಂತೆ ಸೆಳೆತ ಈ ಫಲಕದಿಂದ ಆ ಫಲಕಕ್ಕೆ ದಾಟುತ್ತದೆ ಎಂದು ಫ್ಯಾರಡೆ ಕಂಡ. ಈಗಿನ ಮಾತಿನಲ್ಲಿ ಹೇಳುವುದಾದರೆ, ಧನ ಫಲಕದ ಎದುರಿಗೆ ವಸ್ತುವಿನ ಋಣ ತುದಿಗಳೂ ಋಣ ಫಲಕದ ಎದುರಿಗೆ ಧನ ತುದಿಗಳೂ ಬಂದು ನಿಲ್ಲುತ್ತವೆ, ಫಲಕಗಳ ಸೆಳೆತದ ಒಂದು ಭಾಗವನ್ನು ವಜಾ ಮಾಡುತ್ತವೆ. ಸೆಳೆತ ಕುಗ್ಗಿದರೆ ವೋಲ್ಟೇಜು ಇಳಿಯುತ್ತದೆ. ಹಾಗಾಗಿ ಮೊದಲಿದ್ದ ವೋಲ್ಟೇಜಿಗೆ ಬರುವಷ್ಟರಲ್ಲಿ ಫಲಕಕ್ಕೆ ಇನ್ನಷ್ಟು ವಿದ್ಯುತ್ತು ತುಂಬಬಹುದು. ಎಷ್ಟು ಪಟ್ಟು ಎಂಬುದು ಆ ವಸ್ತುವಿನ ಕಣಗಳು ಎಷ್ಟು ಸುಲಭವಾಗಿ ಬಾಗುತ್ತವೆ ಎಂಬುದಕ್ಕೆ ಬಿಟ್ಟದ್ದು. ಕೆಲವು ವಸ್ತುಗಳು ಬಾಗಿದ ಮೇಲೆ ಬೇಗ ನೆಟ್ಟಗಾಗುವುದಿಲ್ಲ. ಸೀಸೆಯನ್ನು ಪೂರ್ತಿ ಖಾಲಿ ಮಾಡಿ ಪಕ್ಕಕ್ಕಿಟ್ಟರೂ ಸ್ವಲ್ಪ ಹೊತ್ತಿನಲ್ಲಿ ಅದರಲ್ಲಿ ಮತ್ತೆ ವಿದ್ಯುತ್ತು ಏಳುತ್ತದೆ. ಈ ಚಾಳಿಯನ್ನೂ ಫ್ಯಾರಡೆ ಗುರುತಿಸಿ ಬರೆದ. ಹಳೆಯ ಟಿವಿ ಬಿಚ್ಚುವ ರಿಪೇರಿಯವರಿಗೆ ಅದರ ಪರಿಚಯ ಬೆರಳ ತುದಿಯಲ್ಲೇ ಇರುತ್ತದೆ.

ಹೊಸ ವಿಷಯಕ್ಕೆ ಹೊಸ ಹೆಸರು ಬೇಕಿತ್ತು. ‘ಅವಾಹಕ’ ಎಂದರೆ ಏನನ್ನು ಮಾಡುವುದಿಲ್ಲ ಎಂದು ಹೇಳಿದಂತಾಯಿತು, ಏನನ್ನು ಮಾಡುತ್ತದೆ ಎಂದಲ್ಲ. ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂವೆಲ್‌ನನ್ನು ಫ್ಯಾರಡೆ ಕೇಳಿಕೊಂಡ. ಆನೋಡ್, ಕ್ಯಾಥೋಡ್ ಎಂಬ ಹೆಸರುಗಳನ್ನು ಹಿಂದೆ ಕೊಟ್ಟವನೂ ಆತನೇ. ‘ಮೂಲಕ’ ಎಂಬ ಅರ್ಥದ ಗ್ರೀಕ್ ಪದ ಸೇರಿಸಿ ‘ಡೈಎಲೆಕ್ಟ್ರಿಕ್’ ಎಂಬ ಹೆಸರು ಹುಟ್ಟಿತು: ಯಾವುದರ ಮೂಲಕ ವಿದ್ಯುತ್ ಸೆಳೆತ ಹಾಯುತ್ತದೆಯೋ ಅದು. 1837ರ ಡಿಸೆಂಬರಿನಲ್ಲಿ ಇದನ್ನೆಲ್ಲ ವಿವರಿಸಿದ ಫ್ಯಾರಡೆಯ ಪ್ರಬಂಧ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಓದಲ್ಪಟ್ಟಿತು. ಹೆಸರಿನ ವಿಷಯ ಬಂದಾಗಲೇ ಹೇಳಿಬಿಡುತ್ತೇನೆ: ನಮ್ಮ ಬೀದಿಗಳಲ್ಲಿ ಫ್ಯಾನು ನಿಧಾನವಾದರೆ ‘ಕಂಡೆನ್ಸರ್ ಹೋಗಿದೆ ಸಾರ್’ ಎನ್ನುತ್ತಾರಲ್ಲ, ಆ ಮಾತು ಇಟಲಿಯ ವೋಲ್ಟಾ 1782ರಲ್ಲಿ ಬಳಕೆಗೆ ತಂದದ್ದು. ಪುಸ್ತಕಗಳು ಕೆಪಾಸಿಟರ್ ಎಂದು ಬದಲಾಯಿಸಿಕೊಂಡವು. ಬೀದಿ ವೋಲ್ಟಾನನ್ನು ಬಿಟ್ಟುಕೊಟ್ಟಿಲ್ಲ.

ಪಂಡಿತರು ಫ್ಯಾರಡೆಯ ಅಳತೆಗಳನ್ನು ಒಪ್ಪಿದರು, ಅವನ ವಿವರಣೆಗೆ ತಲೆಯಾಡಿಸಲಿಲ್ಲ. ಗಣಿತ ಬಾರದವನ ಕಲ್ಪನೆ ಎಂಬ ತಾತ್ಸಾರ ಇತ್ತು. 1845ರಲ್ಲಿ ವಿಲಿಯಂ ಥಾಮ್ಸನ್ ಎಂಬ 21ರ ತರುಣ ಫ್ಯಾರಡೆಯ ಫಲಿತಾಂಶಕ್ಕೂ ಕುಲೊಂಬನ ನಿಯಮಕ್ಕೂ ಜಗಳವಿಲ್ಲವೆಂದು ಗಣಿತದಲ್ಲೇ ತೋರಿಸಿದ. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವನು ಇವನೇ. ಇವನ ಪಾಲು ಇನ್ನೂ ಇದೆ.

ಈ ನಡುವೆ ಮಲಯ ಸೀಮೆಯ ಒಂದು ಮರ ಕಥೆಯೊಳಗೆ ಕಾಲಿಟ್ಟಿತು. ಅದರ ಹಾಲು ಗಟ್ಟಿಯಾದರೆ ಗಟಪರ್ಚಾ. ಬಿಸಿನೀರಿನಲ್ಲಿ ಹಿಟ್ಟಿನಂತೆ ಮೆದುವಾಗುತ್ತದೆ, ಆರಿದರೆ ಗಟ್ಟಿ. ಸಮುದ್ರದ ನೀರಿನಲ್ಲಿ ಕೊಳೆಯುವುದಿಲ್ಲ. ಅಲ್ಲಿಯ ಜನ ಅದರಲ್ಲಿ ಕತ್ತಿಯ ಹಿಡಿ ಮಾಡಿಕೊಳ್ಳುತ್ತಿದ್ದರು. ಸಿಂಗಪುರದಲ್ಲಿದ್ದ ಕಂಪನಿ ವೈದ್ಯ ವಿಲಿಯಂ ಮಾಂಟ್ಗೊಮರಿ 1843ರಲ್ಲಿ ಅದರ ಮಾದರಿಗಳನ್ನು ಲಂಡನ್ನಿಗೆ ಕಳಿಸಿದ. ಅದು ವಿದ್ಯುತ್ತನ್ನು ಚೆನ್ನಾಗಿ ತಡೆಯುತ್ತದೆಂದು 1848ರಲ್ಲಿ ಫ್ಯಾರಡೆಯೇ ಬರೆದ. ಟೆಲಿಗ್ರಾಫಿಗಾಗಿ ತಾಮ್ರದ ತಂತಿಗೆ ಗಟಪರ್ಚಾ ಮೆತ್ತಿ ಕಡಲಡಿಗೆ ಇಳಿಸುವ ಸಾಹಸ ಅಲ್ಲಿಂದ ಶುರುವಾಯಿತು. 1851ರಲ್ಲಿ ಇಂಗ್ಲೆಂಡು ಫ್ರಾನ್ಸುಗಳ ನಡುವಿನ ಕಡಲತಂತಿ ಕೆಲಸ ಮಾಡಿತು. ಆದರೆ ತಂತಿ ಉದ್ದವಾದಷ್ಟೂ ಒಂದು ವಿಚಿತ್ರ ಕಾಣತೊಡಗಿತು: ಈ ತುದಿಯಲ್ಲಿ ಟಕ್ಕೆಂದು ಕೊಟ್ಟ ಸಂಕೇತ ಆ ತುದಿಯಲ್ಲಿ ತಡವಾಗಿ, ಹಿಂಜಿದ ಅರಳೆಯಂತೆ ಹರಡಿಕೊಂಡು ಬರುತ್ತಿತ್ತು.

ಲಂಡನ್ನಿನ ಗಟಪರ್ಚಾ ಕಂಪನಿಯ ಕಾರ್ಖಾನೆಯಲ್ಲಿ ಫ್ಯಾರಡೆಗೆ ಆ ವಿಚಿತ್ರವನ್ನು ತೋರಿಸಿದರು. ಪಕ್ಕದ ಕಾಲುವೆಯ ನೀರಿನಲ್ಲಿ ಮುಳುಗಿಸಿಟ್ಟ ನೂರು ಮೈಲಿ ತಂತಿ. ಬ್ಯಾಟರಿ ಹಚ್ಚಿ ತೆಗೆದ ಮೇಲೂ ತಂತಿ ಮುಟ್ಟಿದವನಿಗೆ ಪೆಟ್ಟಿನ ಮೇಲೆ ಪೆಟ್ಟು. ಅಷ್ಟೇ ಉದ್ದದ ತಂತಿಯನ್ನು ಗಾಳಿಯಲ್ಲಿ ಇಟ್ಟರೆ ಹಾಗೇನೂ ಇಲ್ಲ. ಫ್ಯಾರಡೆಗೆ ಅದು ಏನೆಂದು ತಟ್ಟನೆ ಹೊಳೆಯಿತು. ಹದಿನಾರು ವರ್ಷ ಹಿಂದೆ ಅವನು ಎರಕ ಹೊಯ್ದ ಬಟ್ಟಲು ಇಲ್ಲಿ ನೂರು ಮೈಲಿ ಉದ್ದ ಚಾಚಿಕೊಂಡು ಮಲಗಿತ್ತು. ತಾಮ್ರ ಒಳಗಿನ ಫಲಕ, ನೀರು ಹೊರಗಿನ ಫಲಕ, ನಡುವೆ ಗಟಪರ್ಚಾ. ತಾಮ್ರದ ಮೈ ಸುಮಾರು 8,300 ಚದರ ಅಡಿ, ನೀರು ಸೋಕುವ ಮೈ 33,000 ಚದರ ಅಡಿ ಎಂದು 1854ರ ಜನವರಿಯ ಉಪನ್ಯಾಸದಲ್ಲಿ ಲೆಕ್ಕ ಕೊಟ್ಟ. ಕಡಲಡಿಯ ತಂತಿಯೆಂದರೆ ದೈತ್ಯಾಕಾರದ ಲೈಡನ್ ಸೀಸೆ. ಅದನ್ನು ತುಂಬದೆ ಸಂಕೇತ ಆಚೆಗೆ ಹೋಗುವುದಿಲ್ಲ, ತುಂಬಲು ಹೊತ್ತು ಬೇಕು.

ಎಷ್ಟು ಹೊತ್ತು? ಥಾಮ್ಸನ್ ಲೆಕ್ಕ ಹಾಕಿ, ತಡ ತಂತಿಯ ಉದ್ದದ ವರ್ಗಕ್ಕೆ ಅನುಗುಣ ಎಂದ. ಉದ್ದ ಹತ್ತು ಪಟ್ಟಾದರೆ ತಡ ನೂರು ಪಟ್ಟು. ಬಿಡುಗಡೆಗೆ ದಾರಿ ಎರಡು: ತಾಮ್ರವನ್ನು ದಪ್ಪ ಮಾಡಿ ಹರಿವಿಗೆ ಅಡ್ಡಿ ತಗ್ಗಿಸುವುದು, ಗಟಪರ್ಚಾವನ್ನು ದಪ್ಪ ಮಾಡಿ ಎರಡು ಫಲಕಗಳನ್ನು ದೂರ ಸರಿಸುವುದು. ಎರಡಕ್ಕೂ ಹಣ ಬೇಕು. ಅಟ್ಲಾಂಟಿಕ್ ಸಾಗರದಡಿ ಕೇಬಲ್ ಹಾಸಲು ಹೊರಟಿದ್ದ ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್, ಬ್ರೈಟನ್ನಿನ ಶಸ್ತ್ರವೈದ್ಯ, ಈ ನಿಯಮವನ್ನೇ ಅಲ್ಲಗಳೆದ. ಕಂಪನಿಗೆ ಅವನ ಮಾತು ಹಿಡಿಸಿತು, ಅಗ್ಗವಾಗಿತ್ತಲ್ಲ! ನಾಟಿಕಲ್ ಮೈಲಿಗೆ 107 ಪೌಂಡ್ ತಾಮ್ರ, 261 ಪೌಂಡ್ ಗಟಪರ್ಚಾ ಎಂದು ನಿಶ್ಚಯವಾಯಿತು.

1858ರ ಆಗಸ್ಟ್ 5ರಂದು ಐರ್ಲೆಂಡಿನ ವ್ಯಾಲೆನ್ಷಿಯಾದಿಂದ ನ್ಯೂಫೌಂಡ್‌ಲೆಂಡಿನವರೆಗೆ ತಂತಿ ಸೇರಿತು. ಹದಿನಾರನೆಯ ತಾರೀಖು ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬುಕ್ಯಾನನ್‌ಗೆ ಕಳಿಸಿದ 98 ಪದಗಳ ಸಂದೇಶ ಮುಟ್ಟಲು 16 ಗಂಟೆ ಹಿಡಿಯಿತು. ನ್ಯೂಯಾರ್ಕಿನಲ್ಲಿ ಬಾಣಬಿರುಸು ಹಚ್ಚಿದ ಸಂಭ್ರಮಕ್ಕೆ ನಗರಸಭಾ ಭವನದ ಗೋಪುರವೇ ಹೊತ್ತಿ ಉರಿಯಿತು. ಕಡಲ ತಳದಲ್ಲಿ ನಡೆಯುತ್ತಿದ್ದ ಅನಾಹುತ ಯಾರಿಗೂ ಕಾಣಲಿಲ್ಲ. ಸಂಕೇತ ತಡವಾದರೆ ಇನ್ನಷ್ಟು ಬಲವಾಗಿ ತಳ್ಳಬೇಕೆಂಬುದು ವೈಟ್‌ಹೌಸನ ನಂಬಿಕೆ. ಐದಡಿ ಉದ್ದದ ಸುರುಳಿಗಳಿಂದ ಸುಮಾರು 2,000 ವೋಲ್ಟ್ ಹೊಡೆದ. ಮೊದಲೇ ಅಲ್ಲಲ್ಲಿ ಬಿರುಕು ಬಿಟ್ಟಿದ್ದ ಗಟಪರ್ಚಾ ತಾಳಲಿಲ್ಲ. ಎಷ್ಟು ಹಿಡಿಯಬಲ್ಲದು ಎಂಬುದು ಡೈಎಲೆಕ್ಟ್ರಿಕ್‌ನ ಒಂದು ಗುಣ, ಎಷ್ಟು ತಾಳಬಲ್ಲದು ಎಂಬುದು ಇನ್ನೊಂದು. ಸೆಳೆತ ಮೇರೆ ಮೀರಿದರೆ ಬಾಗಿ ನಿಂತ ಕಣಗಳ ಕಟ್ಟು ಕಿತ್ತುಬರುತ್ತದೆ, ವಸ್ತು ತೂತಾಗುತ್ತದೆ, ತೂತಿನಲ್ಲಿ ವಿದ್ಯುತ್ತು ನುಗ್ಗುತ್ತದೆ. ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ತಂತಿ ಸತ್ತಿತು.

ಸಾಯುವ ಮುನ್ನ ಅದು ಒಂದು ಕೆಲಸ ಮಾಡಿತ್ತು, ಅದರ ಎಳೆ ನಮ್ಮ ನಾಡಿಗೂ ತಾಗುತ್ತದೆ. 1857ರ ಬಂಡಾಯವನ್ನು ಅಡಗಿಸಲು ಸೈನ್ಯ ಬೇಕೆಂದು ಕೆನಡಾದಲ್ಲಿದ್ದ 62ನೆಯ ಮತ್ತು 39ನೆಯ ರೆಜಿಮೆಂಟುಗಳಿಗೆ ಹಿಂದಿರುಗಲು ಅಪ್ಪಣೆ ಹೋಗಿತ್ತು. ಅಷ್ಟರಲ್ಲಿ ಬಂಡಾಯ ಮುಗಿಯುತ್ತ ಬಂದಿತ್ತು. ಆಗಸ್ಟ್ 31ರಂದು ಕಡಲತಂತಿಯ ಮೂಲಕ ಆ ಅಪ್ಪಣೆ ರದ್ದಾಯಿತು. ಸರಕಾರಕ್ಕೆ ಸುಮಾರು 50,000 ಪೌಂಡ್ ಉಳಿಯಿತು.

ವಿಚಾರಣಾ ಸಮಿತಿ ಕೂತಿತು, ಸಾಕ್ಷ್ಯಗಳ ರಾಶಿ ಬಿತ್ತು, 1861ರಲ್ಲಿ ವರದಿ ಬಂತು. ಥಾಮ್ಸನ್ನನ ಲೆಕ್ಕವೇ ಗೆದ್ದಿತು. ಮುಂದಿನ ಕೇಬಲ್ಲಿಗೆ ಮೈಲಿಗೆ 300 ಪೌಂಡ್ ತಾಮ್ರ, 400 ಪೌಂಡ್ ಗಟಪರ್ಚಾ. 1866ರ ಜುಲೈಯಲ್ಲಿ ‘ಗ್ರೇಟ್ ಈಸ್ಟರ್ನ್’ ಹಡಗು ಅದನ್ನು ದಡ ಮುಟ್ಟಿಸಿತು. ಅದೇ ಹಡಗು 1870ರಲ್ಲಿ ಮುಂಬಯಿಯಿಂದ ಏಡನ್ನಿಗೆ ತಂತಿ ಹಾಸಿತು. ಧಾರವಾಡ, ಬೆಳಗಾವಿ, ಕಾರವಾರಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ದಿನಗಳವು. ಆ ಪ್ರಾಂತ್ಯವನ್ನು ಆಳುವ ಅಪ್ಪಣೆಗಳು ಅಲ್ಲಿಂದಾಚೆಗೆ ಗಟಪರ್ಚಾದ ಹೊದಿಕೆಯೊಳಗೆ ಬಂದವು. ಅದಕ್ಕೆ ಬೆಲೆ ತೆತ್ತದ್ದು ಮಲಯದ ಕಾಡು. ಹಾಲಿಗಾಗಿ ಮರವನ್ನೇ ಕಡಿದು ಕೆಡವುತ್ತಿದ್ದರು. 1850ರ ದಶಕ ಮುಗಿಯುವ ಮೊದಲೇ ಸಿಂಗಪುರದ ಸುತ್ತ ಆ ಮರ ಕಾಣದಾಯಿತು.

ಒಂದು ವಿಪರ್ಯಾಸವನ್ನು ಗಮನಿಸಬೇಕು. ಕೇಬಲ್ ಎಳೆಯುವವನಿಗೆ ಡೈಎಲೆಕ್ಟ್ರಿಕ್‌ನ ಹಿಡಿಯುವ ಗುಣ ಶಾಪ, ಕೆಪಾಸಿಟರ್ ಮಾಡುವವನಿಗೆ ವರ. ರೇಡಿಯೋ ಯುಗ ಬಂದಾಗ ಈ ಎರಡನೆಯವನ ಕಾಲ ಬಂತು. ಗಾಜಿನ ಸೀಸೆಗಳ ಸಾಲು ಹಡಗಿನಲ್ಲಿ ಒಡೆಯುತ್ತಿತ್ತು, ಜಾಗ ತಿನ್ನುತ್ತಿತ್ತು. ಅಮೆರಿಕದ ವಿಲಿಯಂ ಡುಬಿಲಿಯರ್ ಅಭ್ರಕದ ತೆಳು ಹಾಳೆಗಳ ನಡುವೆ ಲೋಹದ ತಗಡಿಟ್ಟು ಕಟ್ಟಿದ ಕೆಪಾಸಿಟರುಗಳು ಮೊದಲನೆಯ ಮಹಾಯುದ್ಧದ ಹೊತ್ತಿಗೆ ಆ ಜಾಗ ಹಿಡಿದವು. ಅಭ್ರಕವೆಂದರೆ ನಮ್ಮ ಹಳ್ಳಿಯ ಮಕ್ಕಳು ಹೊಲದಲ್ಲಿ ಆಯುವ ಕಾಗೆಬಂಗಾರ. ಕೂದಲಿಗಿಂತ ತೆಳ್ಳಗೆ ಸೀಳಿದರೂ ಸಾವಿರಾರು ವೋಲ್ಟ್ ತಾಳುತ್ತದೆ, ಗಾಳಿಯ ಆರೇಳು ಪಟ್ಟು ಹಿಡಿಯುತ್ತದೆ, ಕಾದರೂ ಕದಲುವುದಿಲ್ಲ. ಜಗತ್ತಿನ ಉತ್ತಮ ಅಭ್ರಕ ಕೊಡರ್ಮಾ, ಗಿರಿಡೀಹ್ ಗಣಿಗಳಿಂದಲೂ ನೆಲ್ಲೂರು ಸೀಮೆಯಿಂದಲೂ ಹೊರಡುತ್ತಿತ್ತು. ಅದನ್ನು ಪದರ ಪದರವಾಗಿ ಸೀಳಿದ ಕೈಗಳಲ್ಲಿ ಬಡ ಹೆಂಗಸರವೂ ಮಕ್ಕಳವೂ ಬಹಳ. ಯುದ್ಧಗಳ ಇತಿಹಾಸದಲ್ಲಿ ಆ ಕೈಗಳಿಗೆ ಒಂದು ಸಾಲೂ ಸಿಕ್ಕಿಲ್ಲ. 1940ರ ದಶಕದಲ್ಲಿ ಅಭ್ರಕದ ಅಭಾವದ ನಡುವೆ ಬೇರಿಯಂ ಟೈಟನೇಟ್ ಎಂಬ ಪಿಂಗಾಣಿ ಅಮೆರಿಕ, ಜಪಾನು, ಸೋವಿಯತ್ ದೇಶಗಳಲ್ಲಿ ಬೇರೆಬೇರೆಯಾಗಿ ಕಾಣಿಸಿಕೊಂಡಿತು. ಅದು ಹಿಡಿಯುವುದು ಗಾಳಿಯ ಸಾವಿರ ಪಟ್ಟಿಗೂ ಮೇಲು. ಇಂದಿನ ಮೊಬೈಲಿನೊಳಗೆ ಸಾಸಿವೆಗಿಂತ ಸಣ್ಣದಾಗಿ ನೂರಾರು ಸಂಖ್ಯೆಯಲ್ಲಿ ಕೂತಿರುವುದು ಅದರದೇ ಸಂತತಿ.

ಕ್ಯಾವೆಂಡಿಶನ ಹಾಳೆಗಳ ಕಟ್ಟು ಏನಾಯಿತು? ಅದೇ ಮನೆತನದ ಡ್ಯೂಕ್ ಕಟ್ಟಿಸಿಕೊಟ್ಟ ಕೇಂಬ್ರಿಜ್ ಪ್ರಯೋಗಶಾಲೆಯ ಮೊದಲ ಪ್ರೊಫೆಸರ್ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್‌ನ ಕೈಗೆ ಅದು ಬಂತು. ಫ್ಯಾರಡೆಯ ಕಲ್ಪನೆಗೆ ಗಣಿತದ ಮೈ ಕೊಟ್ಟವನು ಮ್ಯಾಕ್ಸ್‌ವೆಲ್ಲನೇ. ತನ್ನ ಕೊನೆಯ ವರ್ಷಗಳನ್ನು ಈ ಹಳೆಯ ಹಾಳೆಗಳಿಗೆ ಕೊಟ್ಟು, ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿ, 1879ರ ಅಕ್ಟೋಬರಿನಲ್ಲಿ ಅಚ್ಚು ಮಾಡಿಸಿದ. ನವೆಂಬರ್ 5ರಂದು ತೀರಿಕೊಂಡ. ಆಗ ಅವನಿಗೆ 48 ವರ್ಷ.

1881ರಲ್ಲಿ ಪ್ಯಾರಿಸಿನಲ್ಲಿ ನೆರೆದ ವಿದ್ಯುತ್ ತಜ್ಞರ ಅಂತರರಾಷ್ಟ್ರೀಯ ಸಭೆ, ಹಿಡಿಯುವ ಶಕ್ತಿಯ ಮಾನಕ್ಕೆ ‘ಫ್ಯಾರಡ್’ ಎಂಬ ಹೆಸರನ್ನು ಗಟ್ಟಿ ಮಾಡಿತು. ಮಾನ ತೀರ ದೊಡ್ಡದು. ಅಂಗಡಿಯಲ್ಲಿ ಕೊಳ್ಳುವ ಫ್ಯಾನಿನ ಕಂಡೆನ್ಸರ್ ಅದರ ದಶಲಕ್ಷದಲ್ಲಿ ಎರಡೋ ಮೂರೋ ಪಾಲು. ಕ್ಯಾವೆಂಡಿಶನಂತೆ ಗೋಳವನ್ನೇ ಅಳತೆಗೋಲು ಮಾಡಿಕೊಂಡು, ಈ ಭೂಮಂಡಲವನ್ನೇ ಒಂದು ಲೋಹದ ಗೋಳವೆಂದು ಎಣಿಸಿ ಲೆಕ್ಕ ಹಾಕಿದರೆ, ಅದರ ಶಕ್ತಿ 0.00071 ಫ್ಯಾರಡ್ ಆಗುತ್ತದೆ.